ನೆಲಕ್ಕೆ ಮಲಗಿಸಬೇಕಿದ್ದ ರೈ

ಮಿಶಿಗನ್ನಿನ ಉತ್ತರದ ಆ ಮರಳು ನೆಲ ಪೈನ್ ಮರಗಳನ್ನು ಬಿಟ್ಟು ಬೇರೇನನ್ನೂ ಮನಸ್ಸಿಟ್ಟು ಬೆಳೆಸುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಆರ್ಲೋ ಟೂನಿಸ್‌ಗೂ ಗೊತ್ತಿತ್ತು. ಒಪ್ಪಿಕೊಂಡಿರಲಿಲ್ಲ, ಅಷ್ಟೆ. ಬೇಟೆಯ ಕಾಲಕ್ಕೆ ಜಿಂಕೆಗಳು ತನ್ನ ಕಾಡಿನಂಚಿಗೆ ಮೇಯಲು ಬರಲಿ ಎಂದು ಪ್ರತಿ ಬೇಸಿಗೆಯೂ ಆ ತುಂಡು ನೆಲವನ್ನು ಉಳುತ್ತಿದ್ದ, ಬಿತ್ತುತ್ತಿದ್ದ. ಮೊಳಕೆ ಒಡೆದದ್ದು ಬೆರಳುದ್ದ ಬಂದು ಒಣಗುತ್ತಿತ್ತು. ಉಳಿದ ಮರಳನ್ನು ಗಾಳಿ ಎತ್ತಿಕೊಂಡು ಹೋಗಿ ಪಕ್ಕದ ಡೆಲ್ಬರ್ಟ್‌ನ ಜಗಲಿಯ ಮೇಲೆ ಸುರಿಯುತ್ತಿತ್ತು.

"ಏನ್ ಆರ್ಲೋ, ಈ ವರ್ಷಾನೂ ಜಿಂಕೆಗಳಿಗೆ ಮರಳಿನ ಊಟಾನಾ?" ಎಂದು ಡೆಲ್ಬರ್ಟ್ ಬೇಲಿಯಾಚೆಯಿಂದ ಕಿಚಾಯಿಸುತ್ತಿದ್ದ.

ಕೊನೆಗೆ ಆರ್ಲೋನ ಹೆಂಡತಿ ಮಾರ್ವಾಳೇ ಸಿಡುಕಿದಳು. "ಆ ನೇಗಿಲು ಮೂಲೆಗೆ ಹಾಕು ಮಾರಾಯ. ನೀನು ಉತ್ತಷ್ಟೂ ಇರೋ ಚೂರು ತೇವಾನೂ ಹಾರಿಹೋಗತ್ತೆ. ಮಳೆ ಬರೋ ಮುಂಚೆ ಸುಮ್ನೆ ರೈ ಎರಚಿಬಿಡು. ಅದಕ್ಕೆ ಯಾರ ಮುದ್ದೂ ಬೇಕಿಲ್ಲ."

ಶರತ್ಕಾಲದ ಮೊದಲ ಮಳೆಗೆ ಮುಂಚೆ ಎರಚಿದ. ಗೋಧಿ ಜಾತಿಯ ಆ ರೈ ಹುಟ್ಟಿತು. ಹಿಮದಡಿಯಲ್ಲಿ ಚಳಿಗಾಲ ಕಳೆದು, ವಸಂತದಲ್ಲಿ ಎದ್ದು, ಜೂನ್ ಹೊತ್ತಿಗೆ ಆರ್ಲೋನ ಎದೆಯ ಎತ್ತರಕ್ಕೆ ನಿಂತು ಹೂಬಿಟ್ಟಿತು. ಬುಡದಲ್ಲಿ ಕೈಯಿಟ್ಟು ನೋಡಿದರೆ ಮರಳು ತಣ್ಣಗಿತ್ತು. ಹೂಬಿಡುವ ಹೊತ್ತಿಗೆ ಉರುಳೆಯಿಂದ ಮುರಿದು ಮಲಗಿಸಿದರೆ ರೈ ಮತ್ತೆ ಏಳುವುದಿಲ್ಲ. ಚಾಪೆಯಂತೆ ನೆಲವನ್ನು ಹೊದ್ದು ಮಲಗಿ ತೇವವನ್ನು ಹಿಡಿದಿಡುತ್ತದೆ. ಅದರಡಿಯಿಂದ ಬೇಸಿಗೆಯ ಮೇವು ಮೇಲೇಳುತ್ತದೆ. ಅದಕ್ಕೇ ಆ ದಿನ ಬೆಳಿಗ್ಗೆ ಆರ್ಲೋ ಆ ಮೇವಿನ ಬೀಜವನ್ನು ನಿಂತ ರೈ ನಡುವೆ ಎರಚಿ ಬಂದಿದ್ದ. ತಿಂಡಿ ಮುಗಿಸಿ ಟ್ರ್ಯಾಕ್ಟರಿನ ಹಿಂದೆ ಉರುಳೆ ಕಟ್ಟಿದ. ನೀರು ತುಂಬಿದ ಕಬ್ಬಿಣದ ಪೀಪಾಯಿ ಅದು, ಮೈತುಂಬ ಅಡ್ಡಪಟ್ಟಿಗಳು. ನೆಲ ನಡುಗುವಷ್ಟು ಭಾರ.

ಅರ್ಧ ಹೊಲ ಮಲಗಿತ್ತು. ಅಷ್ಟರಲ್ಲಿ ಕಾಡಿನಂಚಿನಿಂದ ಒಂದು ಹೆಣ್ಣು ಜಿಂಕೆ ಹೊರಗೆ ಬಂತು. ಇಷ್ಟು ಸದ್ದಿಗೆ ಓಡಿಹೋಗಬೇಕಾದದ್ದು ಓಡಲಿಲ್ಲ. ಮುಂಗಾಲನ್ನು ನೆಲಕ್ಕೆ ಬಡಿಯಿತು, ಮತ್ತೆ ಬಡಿಯಿತು.

"ಅಯ್ಯೋ, ಮರಿ ಇಟ್ಟಿದೀಯಾ ಇಲ್ಲಿ?" ಎಂದು ಆರ್ಲೋ ಎಂಜಿನ್ ಆರಿಸಿ ಇಳಿದ. ಈ ಕಾಲದಲ್ಲಿ ಮರಿಗಳು ಎತ್ತರದ ಹುಲ್ಲಿನಲ್ಲಿ ಅಡಗಿರುತ್ತವೆ ಎಂಬುದು ಮೊದಲೇ ಹೊಳೆಯಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಳ್ಳುತ್ತ ರೈಯನ್ನು ಎರಡೂ ಕೈಗಳಿಂದ ಸರಿಸಿ ಒಳಗೆ ನಡೆದ.

ಮರಿ ಸಿಕ್ಕಿತು. ಮೈಮೇಲೆ ಬಿಳಿ ಚುಕ್ಕೆ, ಕಿವಿ ಬೆನ್ನಿಗೆ ಒತ್ತಿಕೊಂಡು, ಮುದುಡಿ, ಉಸಿರೂ ಬಿಡದಂತೆ ಬಿದ್ದಿತ್ತು. ಅದರ ಪಕ್ಕದಲ್ಲಿ, ಅದೇ ರೀತಿ ಮುದುಡಿಕೊಂಡು, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಮತ್ತೊಂದು ಮಲಗಿತ್ತು. ಅದಕ್ಕೆ ಹಳದಿ ಅಂಗಿಯಿತ್ತು.

ಆರ್ಲೋಗೆ ಒಂದು ಗಳಿಗೆ ತಾನು ನೋಡುತ್ತಿರುವುದು ಏನೆಂದೇ ತಿಳಿಯಲಿಲ್ಲ. ತಿಳಿದ ಮೇಲೆ ಬಗ್ಗಿ ಮುಖ ನೋಡಿದ. ಡೆಲ್ಬರ್ಟ್‌ನ ಮೊಮ್ಮಗಳು ಟಿಲಿ, ಮೂರು ವರ್ಷದ ಕೂಸು. ಸತ್ತಿದೆಯೇ? ಮುಟ್ಟಲು ಚಾಚಿದ ಕೈ ಗಾಳಿಯಲ್ಲೇ ನಿಂತಿತು.

"ಟಿಲೀ..." ಎಂದು ಮೆಲ್ಲಗೆ ಕರೆದ.

ಮಗು ಒಂದು ಕಣ್ಣು ತೆರೆಯಿತು. "ಶ್! ನಾನು ಮರಿ," ಎಂದು ಪಿಸುಗುಟ್ಟಿತು. "ಮರಿ ಅಲ್ಲಾಡ್ಬಾರ್ದು. ಏನೇ ಬಂದ್ರೂ ಅಲ್ಲಾಡ್ಬಾರ್ದು ಅಂತ ತಾತ ಹೇಳಿದಾರೆ."

ಆರ್ಲೋ ತಿರುಗಿ ನೋಡಿದ. ಟ್ರ್ಯಾಕ್ಟರಿನ ಮುಂದಿನ ಚಕ್ರ ಮರಳಿನಲ್ಲಿ ಹೂತು ನಿಂತ ಜಾಗಕ್ಕೂ ಅವಳ ಪುಟ್ಟ ಅಂಗಾಲಿಗೂ ನಡುವೆ ಒಬ್ಬ ಮನುಷ್ಯ ಮಲಗುವಷ್ಟು ಜಾಗವಷ್ಟೇ ಇತ್ತು. ಇನ್ನೊಂದು ಗಳಿಗೆ ಕಳೆದಿದ್ದರೆ ಉರುಳೆ ಅವಳ ಮೇಲೇ ಹಾದುಹೋಗುತ್ತಿತ್ತು. ಅಷ್ಟು ಸದ್ದು, ಅಷ್ಟು ನಡುಕ; ಮಗು ಅಲ್ಲಾಡದೆ ಮಲಗಿಯೇ ಇತ್ತು.

ಎತ್ತಿಕೊಂಡ. ಎತ್ತಿಕೊಂಡ ಮೇಲೆ ಇಳಿಸಲು ಆಗಲಿಲ್ಲ. ಎಂಜಿನ್ ನಿಂತ ಮೌನದಲ್ಲಿ ಈಗ ಬೇಲಿಯಾಚೆಯಿಂದ ಕೂಗು ಕೇಳುತ್ತಿತ್ತು. ಮಗು ತಾತನ ಹತ್ತಿರವಿದೆ ಎಂದು ಅಮ್ಮ ಅಂದುಕೊಂಡಿದ್ದಳು, ತಾತ ಅಮ್ಮನ ಹತ್ತಿರ ಎಂದುಕೊಂಡಿದ್ದ. ಡೆಲ್ಬರ್ಟ್ ಒಂದೇ ಕಾಲಿಗೆ ಬೂಟು ಹಾಕಿಕೊಂಡು ಓಡಿ ಬಂದ. ಆರ್ಲೋನ ತೋಳಲ್ಲಿ ಮಗುವನ್ನು ನೋಡಿದ, ಟ್ರ್ಯಾಕ್ಟರನ್ನು ನೋಡಿದ, ಉರುಳೆಯನ್ನು ನೋಡಿದ.

"ಎಲ್ಲಿದ್ಲು?"

ಆರ್ಲೋ ಗದ್ದ ಎತ್ತಿ ತೋರಿಸಿದ. ರೈ ನಡುವೆ ಮಗು ಮುದುಡಿ ಮಲಗಿದ್ದ ಗುಳಿ ಇನ್ನೂ ಹಾಗೆಯೇ ಇತ್ತು. ಜಿಂಕೆಮರಿ ಇನ್ನೂ ಅಲ್ಲಾಡಿರಲಿಲ್ಲ.

"ನಾನೇ ಹೇಳ್ಕೊಟ್ಟೆ ಕಣೋ," ಎಂದ ಡೆಲ್ಬರ್ಟ್. "ನಿನ್ನೆ ಜಗಲಿ ಮೇಲೆ ಕೂತ್ಕೊಂಡು... ಮರಿ ಎಷ್ಟು ಜಾಣ ನೋಡು ಅಂತ..." ಮಲಗಿಸಿದ ರೈ ಮೇಲೆ ಕುಸಿದು ಕೂತ.

ಓಡಿ ಬಂದ ತಾಯಿ ಟಿಲಿಯನ್ನು ಕೇಳಿದಾಗ ಆರ್ಲೋನ ಬೆರಳುಗಳು ಬಿಡಲಿಲ್ಲ. ಮಾರ್ವಾ ಬಂದು ಒಂದೊಂದಾಗಿ ಬಿಡಿಸಿದಳು. "ಬಿಡು ಆರ್ಲೋ. ಜೀವ ಇದೆ, ನೋಡು, ಕಾಲು ಒದೀತಾ ಇದೆ. ಬಿಡು."

ಆ ದಿನ ಆರ್ಲೋ ಊಟಕ್ಕೆ ಕೂತವನು ತಟ್ಟೆ ನೋಡಿಕೊಂಡೇ ಇದ್ದ. ಟ್ರ್ಯಾಕ್ಟರನ್ನು ಹೊಲದಿಂದ ತರಲು ಅವನಿಂದಾಗಲಿಲ್ಲ. ಮಾರ್ವಾಳೇ ಹೋಗಿ, ತಾನು ಮೊದಲು ನಡೆದು ಕೈಯಿಂದ ಸವರಿ ನೋಡಿದ ದಾರಿಯಲ್ಲಷ್ಟೇ ಹಿಂದಕ್ಕೆ ನಡೆಸಿಕೊಂಡು ಬಂದಳು. ನಿಂತ ಅರ್ಧ ರೈ ನಿಂತೇ ಇತ್ತು. ಅದು ಮಾಗಿ, ಬಾಗಿ, ತಾನೇ ಬೀಜ ಉದುರಿಸಿತು. ಮಲಗಿದ ಅರ್ಧದಲ್ಲಿ, ಜುಲೈ ಬಿಸಿಲಿನಲ್ಲೂ, ಚಾಪೆಯಡಿಯಿಂದ ಹಸಿರು ಎದ್ದಿತು. ಆ ನೆಲದಲ್ಲಿ ಅದು ಮೊದಲ ಸಲ. ಊರಿನವರು ನೋಡಿ ಹೊಗಳಿದರು. ಆರ್ಲೋ ಹೂಂಗುಟ್ಟಿ ಒಳಗೆ ಹೋಗುತ್ತಿದ್ದ.

ಮುಂದಿನ ಜೂನ್‌ನಲ್ಲಿ ರೈ ಮತ್ತೆ ಹೂಬಿಟ್ಟಾಗ ಡೆಲ್ಬರ್ಟ್ ಕರೆಯದೆಯೇ ಬಂದ. ಟಿಲಿಯ ತಾಯಿಯನ್ನೂ, ತನ್ನ ಮಗಳನ್ನು, ಕರೆತಂದಿದ್ದ. "ಮೊದಲು ಒಳಗೆಲ್ಲ ನಡೆದು ನೋಡ್ಬೇಕು," ಎಂದ. "ಆಮೇಲೆ ನಿನ್ನ ಗಾಡಿ."

ಮಾರ್ವಾಳೂ ಸೇರಿ ನಾಲ್ವರೂ ಕೈ ಕೈ ಹಿಡಿದು ಎದೆಯೆತ್ತರದ ರೈಯೊಳಗೆ ಇಳಿದರು. ಡೆಲ್ಬರ್ಟ್‌ನ ಅಂಗೈ ಬೆವರಿತ್ತು. ಆರ್ಲೋನದೂ. ಹೆಜ್ಜೆಗೊಮ್ಮೆ ನಿಂತು ರೈ ಬುಡದಲ್ಲಿ ಕಣ್ಣಾಡಿಸಿದರು.