ಬಾಣಂತಿ ಕೋಣೆಯ ಜೋರು ಫೋನು

ಮಗು ಮತ್ತೆ ಅಳಲು ಶುರುಮಾಡಿತು. ನಡುಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಗಂಗಲಕ್ಷ್ಮಮ್ಮ ಬಾಣಂತಿ ಕೋಣೆಯ ಕಡೆ ಕೂಗಿದಳು.

"ಹಾಲು ಸಾಲ್ತಿಲ್ಲ ಕಣೇ ಕೂಸಿಗೆ. ನಾಳೆಯಿಂದ ಬಾಟ್ಲಿ ಹಾಲು ಹಾಕ್ಬುಡಾನ."

ಬಾಟಲಿಯನ್ನು ಮಧುಗಿರಿಯಿಂದ ಆಗಲೇ ತರಿಸಿ ಗೂಡಿನಲ್ಲಿಟ್ಟಿದ್ದಳು. ಮಗಳು ಜ್ಯೋತಿಲಕ್ಷ್ಮಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು. ಮಗುವಿಗೆ ತನ್ನ ಹಾಲನ್ನೇ ಕೊಡಬೇಕೆಂಬ ಆಸೆ ಅವಳದು. ಆದರೆ ಮಗು ಬಾಯಿ ಹಾಕಿದರೆ ಜೀವ ಹೋಗುವಂಥ ನೋವು. ಅಮ್ಮನ ಮಾತು ಅವಳಿಗೆ ಕೇಳಿಸಿರಲೇ ಇಲ್ಲ. ಶೀತವಾಗಬಾರದೆಂದು ಗಂಗಲಕ್ಷ್ಮಮ್ಮನೇ ಅವಳ ಕಿವಿಗಳಿಗೆ ಅರಳೆ ತುರುಕಿ, ಮೇಲೊಂದು ಬಟ್ಟೆ ಬಿಗಿದಿದ್ದಳು.

ಅದಕ್ಕೇ ಜ್ಯೋತಿಯ ಫೋನು ಬೀದಿಗೆ ಕೇಳುವಷ್ಟು ಜೋರು.

"ನಂಗೂ ಹಿಂಗೇ ನೋವು, ದಾಹ ಎರಡೂ ಇತ್ತು ಕಣಮ್ಮ," ಎಂದಿತು ಫೋನಿನೊಳಗಿನ ಒಂದು ಹೆಣ್ಣುದನಿ. "ನೀರು ಕುಡುದ್ರೆ ಮಗೀಗೆ ಶೀತ ಅಂತ ನಮ್ಮತ್ತೆ ಚೋಟುದ್ದ ಲೋಟದಾಗೆ ಕೊಡೋರು. ಬಾಯಾರಿ ನಾಲಿಗೆ ಅಂಟ್ಕೊಂಡಿರೋದು."

ಗಂಗಲಕ್ಷ್ಮಮ್ಮನ ಕೈ ನಿಂತಿತು. ಮಗಳ ಮಗ್ಗುಲಲ್ಲಿ ಅವಳು ಇಟ್ಟದ್ದೂ ಅಂಥದ್ದೇ ಲೋಟ. ಬೆಳ್ಳುಳ್ಳಿ ಮೊರವನ್ನು ಕೋಣೆಯ ಬಾಗಿಲ ಹತ್ತಿರಕ್ಕೆ ಎಳೆದುಕೊಂಡಳು.

ಅಷ್ಟರಲ್ಲಿ ಪಕ್ಕದ ಮನೆಯ ಹರ್ಷಿತಾ ಬಂದಳು. ಎರಡು ವರ್ಷದ ಮಗುವಿನ ತಾಯಿ.

"ಯಾರೇ ಅವ್ಳು, ಫೋನ್ನಾಗೆ ಅತ್ತೆ ಮ್ಯಾಲೆ ಚಾಡಿ ಹೇಳ್ತಾವ್ಳೆ?" ಗಂಗಲಕ್ಷ್ಮಮ್ಮ ಕೇಳಿದಳು.

"ಕೊರಟಗೆರೆಯೋಳು, ದೊಡ್ಡಮ್ಮ. ಹಾಲುಣ್ಸೋ ತಾಯಂದಿರ ವಾಟ್ಸಾಪ್ ಗುಂಪು ಇದು. ನಾನೇ ಜ್ಯೋತಿನ ಸೇರ್ಸಿದ್ದು. ಒಬ್ರು ನರ್ಸಮ್ಮನೂ ಅವ್ರೆ."

"ಎದೆಹಾಲಿನ ಮಾತ್ನ ಇಂಗೆ ಡಂಗುರ ಹೊಡೀತೀರಾ? ಗಂಡಸ್ರು ಕೇಳಿದ್ರೆ?"

"ಬರೀ ಹೆಂಗಸ್ರು. ಫೋಟೊ ಹಾಕಂಗಿಲ್ಲ, ಇಲ್ಲಿ ಆಡಿದ್ದು ಆಚೆ ಹೇಳಂಗಿಲ್ಲ. ಡಂಗುರ ಹೊಡೀತಿರೋದು ನೀನು ತುರುಕಿರೋ ಅರಳೆ!"

ಗಂಗಲಕ್ಷ್ಮಮ್ಮನಿಗೆ ನಗು ಬಂತು. ಮೊರ ಬದಿಗಿಟ್ಟು ಕೇಳಿದಳು, "ನಾನೂ ಒಂದ್ ಮಾತು ಕೇಳ್ಬೋದಾ?"

ಹರ್ಷಿತಾ ತನ್ನ ಫೋನಿನಲ್ಲಿ ಗುಂಪು ತೆರೆದು ಮೈಕು ಒತ್ತಿದಳು.

"ನಾನು ಜ್ಯೋತಿ ಅವ್ವ. ನಮ್ ಕೂಸು ಕುಡುದ್ರೂ ಅಳ್ತೈತೆ. ಹಾಲು ಸಾಲ್ದು ಅಂತ ತಾನೆ? ಬಾಟ್ಲಿ ಕೊಟ್ರೆ ಏನಾಯ್ತದೆ?"

ಗುಂಪಿನಲ್ಲಿದ್ದ ಪಾವಗಡದ ಮಂಜುಶ್ರೀ ಉತ್ತರಿಸಿದಳು. "ಭಯ ಬೇಡಮ್ಮಾ, ಏಂ ಕಾದು, ಕೂಸಿಗೇನೂ ಆಗಲ್ಲ. ಕೂಸು ಉಚ್ಚೆ ಹೊಯ್ದು ಬಟ್ಟೆ ಒದ್ದೆ ಮಾಡ್ತದಾ?"

"ಒಗ್ದು ಒಗ್ದು ನನ್ ಕೈ ಸವ್ದೋಗವೆ!"

"ಒಳಗೆ ಹೋಗ್ದೆ ಹೊರಗೆ ಎಲ್ಲಿಂದ ಬರ್ತದಮ್ಮಾ?"

ಗಂಗಲಕ್ಷ್ಮಮ್ಮ ಅಂಗಳದ ಹಗ್ಗದ ಕಡೆ ನೋಡಿದಳು. ಉದ್ದಕ್ಕೂ ಮಗುವಿನ ಬಟ್ಟೆ. ದಿನವೂ ತಾನೇ ಹರವುತ್ತಿದ್ದರೂ ಇದು ಹೊಳೆದಿರಲಿಲ್ಲ.

ಆಮೇಲೆ ನರ್ಸಮ್ಮನ ದನಿ. "ಹಸಿವೊಂದಕ್ಕೇ ಮಗು ಅಳಲ್ಲ. ಬಾಟ್ಲಿ ರೂಢಿಯಾದ್ರೆ ಎದೆ ಚೀಪೋದು ಕಡಿಮೆ, ಹಾಲೂ ಕಡಿಮೆ. ಜ್ಯೋತಿ, ನೋವಾಗ್ತಿದ್ರೆ ಮಗು ಸರಿಯಾಗಿ ಹಿಡೀತಿಲ್ಲ. ಬಾಯಿ ಅಗಲಕ್ಕೆ ತೆರೆದಾಗ ಹತ್ತಿರ ತಗೋ. ತೊಟ್ಟಷ್ಟೇ ಅಲ್ಲ, ಸುತ್ತಲ ಕಪ್ಪು ಭಾಗವೂ ಬಾಯೊಳಗೆ ಹೋಗ್ಲಿ. ಗದ್ದ ಎದೆಗೆ ತಾಗ್ಲಿ. ಬಾಯಾರಿದಾಗೆಲ್ಲ ನೀರು ಕುಡಿ. ಮಗೀನ ತೂಕ ಮಾತ್ರ ತಪ್ಪದೆ ಹಾಕ್ಸು."

ಜ್ಯೋತಿ ಮಗುವನ್ನು ಎತ್ತಿಕೊಂಡಳು. ಮೊದಲ ಸಲ ಆಗಲಿಲ್ಲ. ಬಿಡಿಸಿ ಮತ್ತೆ ಹಿಡಿದಳು. ಗುಟುಕು ಗುಟುಕಾಗಿ ನುಂಗುವ ಸದ್ದು ಬಾಗಿಲವರೆಗೂ ಬಂತು.

"ನೋವೇನೇ?" ಗಂಗಲಕ್ಷ್ಮಮ್ಮ ಕೂಗಿ ಕೇಳಿದಳು.

"ಮೊದ್ಲಿನಷ್ಟಿಲ್ಲ ಕಣವ್ವ."

ಗಂಗಲಕ್ಷ್ಮಮ್ಮ ಎದ್ದು ಹೋಗಿ ದೊಡ್ಡ ಚೊಂಬಿನ ತುಂಬ ನೀರು ತಂದಿಟ್ಟಳು.

ಮುಂದಿನ ವಾರ ಆಶಾ ಕಾರ್ಯಕರ್ತೆ ಬಂದು ನೋಡಿದಾಗ ಮಗುವಿನ ತೂಕ ಚೆನ್ನಾಗಿ ಏರಿತ್ತು. ಬಾಟಲಿ ಗೂಡಿನಲ್ಲೇ ಧೂಳು ತಿನ್ನುತ್ತಿತ್ತು.

"ಅವ್ವ, ಈ ಅರಳೆನಾದ್ರೂ ತೆಗೀಲಾ?" ಎಂದಳು ಜ್ಯೋತಿ.

"ಬ್ಯಾಡ ಬುಡು. ತೆಗುದ್ರೆ ನೀನು ಫೋನು ಸಣ್ಣಗಿಟ್ಕೊತೀಯ. ನಂಗೆ ಕೇಳ್ಬೇಕಲ್ಲ!"

ನಿಮ್ಮ ಮನೆಯಲ್ಲೂ ಬಾಣಂತಿ ಇದ್ದಾಳೆಯೇ? ಆರು ತಿಂಗಳವರೆಗೆ ಮಗುವಿಗೆ ತಾಯಿಯ ಹಾಲೇ ಸಾಕು. ನೋವು, ಅನುಮಾನ ಏನಿದ್ದರೂ ಒಬ್ಬಳೇ ನುಂಗಿಕೊಳ್ಳುವುದು ಬೇಡ. ಇಂಥ ಗುಂಪು ಎಲ್ಲಿದೆಯೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಮಗು ಹಾಲು ಕುಡಿಯದಿದ್ದರೆ, ಉಚ್ಚೆ ಕಡಿಮೆಯಾದರೆ, ತಾಯಿಗಾಗಲಿ ಮಗುವಿಗಾಗಲಿ ಜ್ವರ ಬಂದರೆ ಫೋನು ಬದಿಗಿಟ್ಟು ಕೂಡಲೇ ಆಸ್ಪತ್ರೆಗೆ ನಡೆಯಿರಿ. ಉಳಿದ ದಿನ, ಫೋನು ಸ್ವಲ್ಪ ಜೋರಾಗಿಯೇ ಇರಲಿ. ಅಜ್ಜಿಯೂ ಕೇಳಲಿ.