ಎಲ್ಲಾ ಸರಿ ಐತ್ರಿ ಮೇಡಂ

ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರನ್ನು ಕೇಳಿ ನೋಡಿ, ಆಡಿಟ್ ಎಂದರೆ ಏನು ಅಂತ. ಕಂಪನಿಯಿಂದ ಸಾಮಾನು ಕೊಳ್ಳುವ ದೊಡ್ಡವರು ತಮ್ಮ ಜನರನ್ನು ಕಳಿಸಿ, ಇಲ್ಲಿ ಕೆಲಸ ನಿಯಮದಂತೆ ನಡೆಯುತ್ತಿದೆಯೇ ಎಂದು ನೋಡಿಸುವ ದಿನ. ಅಬ್ಬಬ್ಬಾ, ಆ ದಿನದ ಸಡಗರವೇ! ಕಕ್ಕಸಿಗೆ ಸೋಪು ಬರುತ್ತದೆ. ಕುಡಿಯುವ ನೀರಿನ ಪಕ್ಕ ಹೊಸ ಲೋಟ ಬರುತ್ತದೆ. ಕೈಗೆ ಹೊಸ ಗ್ಲೌಸು ಬರುತ್ತದೆ. ಸಂಜೆ ಅವರ ಕಾರು ಗೇಟು ದಾಟಿತೋ ಇಲ್ಲವೋ, ಗ್ಲೌಸು ಬಿಚ್ಚಿಸಿಕೊಂಡು ಸ್ಟೋರಿಗೆ ಒಯ್ಯುತ್ತಾರೆ. ಸೋಪೂ ಮಾಯ.

ನೀಲಾಂಬಿಕಾ ದುಡಿಯುತ್ತಿದ್ದ ಕಂಪನಿಯಲ್ಲೂ ಇದೇ ಪದ್ಧತಿ. ಸಿಂದಗಿ ಕಡೆಯ ಹೆಣ್ಣುಮಗಳು. ಪಿಯುಸಿ ಪಾಸು. ಗಂಡ ರೇವಣಸಿದ್ದ ಕಟ್ಟಡ ಕಟ್ಟುವಲ್ಲಿ ಸೆಂಟ್ರಿಂಗ್ ಕೆಲಸದವನು. ಇಬ್ಬರೂ ನಾಗಸಂದ್ರದ ಒಂದು ವಠಾರದಲ್ಲಿ ಬಾಡಿಗೆಗಿದ್ದರು. ಆರು ವರ್ಷದಲ್ಲಿ ನೀಲಾಂಬಿಕಾ ಹೆಲ್ಪರ್ ಆಗಿದ್ದವಳು ಲೈನ್ ಲೀಡರ್ ಆಗಿದ್ದಳು. ಹದಿನಾಲ್ಕು ಹೆಂಗಸರು ಅವಳ ಮಾತು ಕೇಳುತ್ತಿದ್ದರು. ಅದರ ಹೆಮ್ಮೆ ಅವಳಿಗೆ ಸ್ವಲ್ಪ ಜಾಸ್ತಿಯೇ ಇತ್ತು ಅನ್ನಿ.

ಅಲ್ಲಿ ಫ್ಯಾನಿನ ಮೋಟಾರಿಗೆ ಬೇಕಾದ ತಗಡಿನ ಬಿಲ್ಲೆಗಳನ್ನು ಕತ್ತರಿಸುತ್ತಿದ್ದರು. ಕತ್ತರಿಸುವ ಪ್ರೆಸ್ ಮಷೀನಿಗೆ ಎರಡು ಗುಂಡಿ. ಎರಡು ಕೈಯಿಂದ ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಭಾರ ಕೆಳಗಿಳಿಯುತ್ತದೆ. ಎರಡೂ ಕೈ ಗುಂಡಿಯ ಮೇಲಿದ್ದರೆ ಬೆರಳು ಒಳಗೆ ಸಿಕ್ಕುವುದಾದರೂ ಹೇಗೆ? ಆ ಮಷೀನು ಮಾಡಿದವನು ಬುದ್ಧಿವಂತ. ನಮ್ಮವರು ಅವನಿಗಿಂತ ಬುದ್ಧಿವಂತರು! ಒಂದು ಗುಂಡಿಗೆ ಮರದ ಬೆಣೆ ತುರುಕಿ, ಅದು ಸದಾ ಒತ್ತಿಯೇ ಇರುವಂತೆ ಮಾಡಿದ್ದರು. ಇನ್ನು ಒಂದು ಕೈಯಿಂದ ತಗಡು ತಳ್ಳುವುದು, ಇನ್ನೊಂದು ಕೈಯಿಂದ ಉಳಿದ ಗುಂಡಿ ಒತ್ತುವುದು. ಕೆಲಸ ಸರಸರ ಸಾಗುತ್ತದೆ, ದಿನದ ಟಾರ್ಗೆಟ್ ಮುಟ್ಟುತ್ತದೆ. ಬೆಣೆ ಇಲ್ಲದೆ ಆ ಟಾರ್ಗೆಟ್ ಮುಟ್ಟಿದವರು ಯಾರೂ ಇರಲಿಲ್ಲ.

ಆಡಿಟ್ ಹತ್ತಿರ ಬಂದಾಗ ಬೆಣೆಗಳನ್ನೆಲ್ಲ ಕಿತ್ತು ತನ್ನ ಊಟದ ಚೀಲದಲ್ಲಿ ಬಚ್ಚಿಡುವುದು ನೀಲಾಂಬಿಕಾಳ ಕೆಲಸ. ಹೆಂಗಸರಿಗೆ ಉತ್ತರ ಬಾಯಿಪಾಠ ಮಾಡಿಸುವುದೂ ಅವಳದೇ.

"ತರಬೇತಿ ಕೊಟ್ಟಾರೇನು ಅಂತ ಕೇಳಿದ್ರ?"

"ಕೊಟ್ಟಾರ್ರಿ."

"ಎರಡೂ ಕೈಲೆ ಒತ್ತತೀರೇನು ಅಂದ್ರ?"

"ಹೌದ್ರಿ, ದಿನಾ."

ಹದಿನಾಲ್ಕು ಜನರಲ್ಲಿ ಮರೆವ್ವ ಒಬ್ಬಳು ಮಾತ್ರ ಈ ಪಾಠಕ್ಕೆ ಬಾಯಿ ತೆರೆಯುತ್ತಿರಲಿಲ್ಲ. ಅವಳೂ ಸಿಂದಗಿ ಕಡೆಯವಳೇ. ಇಪ್ಪತ್ತಮೂರರ ಹುಡುಗಿ, ವಠಾರದಲ್ಲಿ ಪಕ್ಕದ ಕೋಣೆ. ಕೆಲಸಕ್ಕೆ ಸೇರಿಸಿದ್ದು ನೀಲಾಂಬಿಕಾ. ಮೊದಲ ದಿನ ಬೆಣೆ ಕೆತ್ತಿ ಕೈಗೆ ಕೊಟ್ಟವಳೂ ಅವಳೇ.

"ನೀಲಕ್ಕಾ, ಸುಳ್ಳು ಯಾಕ ಹೇಳಬೇಕು? ನನಗ ಆ ಮಷೀನ್ ಮುಂದ ಕುಂತ್ರ ಎದಿ ಡವಡವ ಅಂತೈತಿ," ಎಂದಳು ಮರೆವ್ವ.

"ಸುಮ್ನಿರು ಹುಡುಗಿ. ಹೆಣ್ಣು ನೋಡಾಕ ಬಂದವರ ಮುಂದ ಯಾರರ ಮನಿ ಹುಳುಕು ಬಿಚ್ಚಿಡ್ತಾರೇನು? ಸಂಸಾರ ಗುಟ್ಟು ಅಂತ ಹಿರೇರು ಸುಮ್ನ ಹೇಳಿಲ್ಲ. ಅನ್ನ ಕೊಡೂ ಕಂಪನಿ ಮಾನ ನಮ್ಮ ಮಾನ," ಎಂದಳು ನೀಲಾಂಬಿಕಾ.

ಅವಳು ಅದನ್ನು ಮನಸಾರೆ ನಂಬಿದ್ದಳು. ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಈ ಕಥೆ ಹೇಳುವ ಅಗತ್ಯವೇ ಇರುತ್ತಿರಲಿಲ್ಲ.

ಆ ಸಲ ಆಡಿಟ್‌ಗೆ ನಾಲ್ಕು ದಿನ ಮೊದಲು ಲಾವಣ್ಯ ಮೇಡಂ ಕ್ಯಾಂಟೀನಿಗೆ ಬಂದರು. ಅವರ ಕೋಣೆಯ ಬಾಗಿಲ ಮೇಲೆ 'ನೀತಿ ಮತ್ತು ನಿಯಮ ಪಾಲನೆ' ಎಂಬ ಬೋರ್ಡು. ಹೆಂಗಸರ ಬಾಯಲ್ಲಿ ಅವರು ನೀತಿ ಮೇಡಂ. ನಾಗಸಂದ್ರದ ಹಳೇ ಊರಿನವರೇ. ಹನ್ನೆರಡು ವರ್ಷದ ಕೆಳಗೆ ಇದೇ ಕಂಪನಿಯ ಪ್ಯಾಕಿಂಗಿನಲ್ಲಿ ಡಬ್ಬ ಕಟ್ಟುತ್ತಿದ್ದರು. ಕೆಲಸ ಮಾಡುತ್ತಲೇ ಡಿಗ್ರಿ ಓದಿದರು, ಆಮೇಲೆ ಕಾರ್ಮಿಕ ಕಾನೂನಿನ ಡಿಪ್ಲೊಮಾ ಮಾಡಿದರು. ಕಂಪನಿಯೊಳಗೆ ತಪ್ಪು ನಡೆಯದಂತೆ ನೋಡಿಕೊಳ್ಳುವುದು, ನಡೆದರೆ ಅದನ್ನು ನೇರ ಮಾಲೀಕರಿಗೆ ಬರೆಯುವುದು ಅವರ ಕೆಲಸ.

"ನನ್ನತ್ರ ಹೇಳಿದ್ದು ನನ್ನತ್ರನೇ ಇರತ್ತೆ. ಯಾರ ಹೆಸರೂ ಹೊರಗೆ ಬರಲ್ಲ," ಎಂದರು ಲಾವಣ್ಯ. "ಪ್ರೆಸ್ ಮಷೀನ್ ಹತ್ರ ಏನಾದ್ರೂ ತೊಂದ್ರೆ ಇದ್ಯಾ? ಭಯ ಆಗೋ ಅಂಥದ್ದು?"

ಸೂಪರ್‌ವೈಸರ್ ಲಕ್ಷ್ಮಣಪ್ಪ ಬಾಗಿಲ ಬಳಿ ಟೀ ಕುಡಿಯುತ್ತಾ ನಿಂತಿದ್ದ. ನೀಲಾಂಬಿಕಾ ಅವನ ಮುಖ ನೋಡಿದಳು. ಈ ಮೇಡಂ ಕೂಡ ಆಫೀಸಿನವರ ಪೈಕಿಯೇ ಅಲ್ಲವೇ, ಬಾಯಿ ಬಿಡಿಸಲು ಬಂದಿರಬೇಕು ಅಂದುಕೊಂಡಳು. ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಮರೆವ್ವ ಎದ್ದಳು.

"ಮೇಡಂರಿ, ನಮ್ಮ ಮಷೀನಿಗೆ..."

ನೀಲಾಂಬಿಕಾ ಮೇಜಿನ ಕೆಳಗೆ ಕೈ ಹಾಕಿ ಅವಳ ತೊಡೆಯನ್ನು ಗಟ್ಟಿಯಾಗಿ ಚಿವುಟಿದಳು. ಮರೆವ್ವ ಕೂತುಬಿಟ್ಟಳು.

"ಎಲ್ಲಾ ಸರಿ ಐತ್ರಿ ಮೇಡಂ. ಈಕಿ ಹೊಸಾಕಿ, ಸುಮ್ನ ಅಂಜತಾಳ," ಎಂದು ನಕ್ಕಳು ನೀಲಾಂಬಿಕಾ.

ಲಾವಣ್ಯ ಒಂದು ಗಳಿಗೆ ಮರೆವ್ವನನ್ನೇ ನೋಡಿದರು. ಆಮೇಲೆ ಹಾಳೆಯ ಮೇಲೆ ಏನೋ ಬರೆದುಕೊಂಡು, ತಮ್ಮ ಫೋನ್ ನಂಬರನ್ನು ಗೋಡೆಗೆ ಅಂಟಿಸಿ ಹೋದರು. ಆ ನಂಬರಿಗೆ ಯಾರೂ ಫೋನ್ ಮಾಡಲಿಲ್ಲ.

ಆಡಿಟ್ ಸುಸೂತ್ರವಾಗಿ ಮುಗಿಯಿತು. ಎಲ್ಲರಿಗೂ ಎರಡೆರಡು ಜಾಮೂನು ಹಂಚಿದರು. ಮಾರನೆಯ ಬೆಳಗ್ಗೆ ಬೆಣೆಗಳು ಮತ್ತೆ ಗುಂಡಿಗಳಿಗೆ ಹೋದವು.

ಹನ್ನೊಂದನೆಯ ದಿನ, ಊಟದ ಗಂಟೆಗೆ ಇನ್ನು ಹತ್ತು ನಿಮಿಷ ಇರುವಾಗ, ಮರೆವ್ವನ ಮಷೀನಿನಲ್ಲಿ ತಗಡು ಓರೆಯಾಗಿ ಸಿಕ್ಕಿಕೊಂಡಿತು. ಸರಿಮಾಡಲು ಬಲಗೈ ಒಳಗೆ ಹಾಕಿದಳು. ಎಡಗೈ ತಿಳಿಯದೆ ಗುಂಡಿ ಒತ್ತಿತು.

ಎರಡು ಬೆರಳು ಹೋದವು.

ಅಯ್ಯೋ, ಆ ಹುಡುಗಿ ಕೂಗಿದ ಕೂಗು! ನೀಲಾಂಬಿಕಾ ಓಡಿ ಹೋಗಿ ತನ್ನ ಸೆರಗಿನಲ್ಲಿ ಆ ಕೈ ಸುತ್ತಿ ಹಿಡಿದುಕೊಂಡಳು. ಆಸ್ಪತ್ರೆ ತಲುಪುವವರೆಗೂ ಬಿಡಲಿಲ್ಲ. ಈಗ ಹಿಡಿದುಕೊಂಡು ಏನು ಬಂತು? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮೂರನೆಯ ದಿನ ಲಕ್ಷ್ಮಣಪ್ಪ ನೀಲಾಂಬಿಕಾಳನ್ನು ಪಕ್ಕಕ್ಕೆ ಕರೆದ. ಅವನ ಮುಖವೂ ಬಾಡಿತ್ತು.

"ನೋಡಮ್ಮಾ, ನಾಡಿದ್ದು ವಿಚಾರಣೆ ಐತೆ. ಹುಡುಗಿ ತಾನೇ ನಿಯಮ ಮೀರಿದ್ಲು ಅಂತ ಏಳ್ಬುಡು. ತರಬೇತಿ ಪುಸ್ತಕದಾಗೆ ಅವಳ ಸೈನು ಐತಲ್ಲ. ಇಲ್ಲಾಂದ್ರೆ ನನ್ ಕೆಲ್ಸ ಓಯ್ತದೆ, ನಿನ್ ಲೀಡರ್ ಪಟ್ಟಾನೂ ಓಯ್ತದೆ."

ಆ ಸಹಿ ಹಾಕಿಸಿದ್ದು ಯಾರು? ನೀಲಾಂಬಿಕಾಳೇ. ಯಾವ ತರಬೇತಿಯೂ ಇರಲಿಲ್ಲ. ಆಡಿಟ್‌ಗೆ ಮುಂಚೆ ಪುಸ್ತಕ ತಂದು, ಇಲ್ಲಿ ಹಾಕ್ರಿ, ಇಲ್ಲಿ ಹಾಕ್ರಿ ಎಂದು ಹದಿನಾಲ್ಕು ಜನರಿಂದಲೂ ಹಾಕಿಸಿದ್ದಳು. ಈಗ ಆ ಸಹಿಯೇ ಮರೆವ್ವನ ಕೊರಳಿಗೆ ಬರುತ್ತಿತ್ತು. ತಪ್ಪು ಅವಳದೇ ಎಂದಾದರೆ ಬೆರಳೂ ಇಲ್ಲ, ಕೆಲಸವೂ ಇಲ್ಲ, ಮೇಲೆ ಕೆಟ್ಟ ಹೆಸರು.

ಆ ಸಂಜೆ ನೀಲಾಂಬಿಕಾ ರೊಟ್ಟಿ, ಹೆಸರುಕಾಳು ಪಲ್ಯ ತೆಗೆದುಕೊಂಡು ಪಕ್ಕದ ಕೋಣೆಗೆ ಹೋದಳು. ಮರೆವ್ವ ಎಡಗೈಯಿಂದ ತಲೆ ಬಾಚಲು ಹೆಣಗುತ್ತಿದ್ದಳು. ನೀಲಾಂಬಿಕಾ ಬಾಚಣಿಗೆ ಇಸಿದುಕೊಂಡು ಹಿಂದೆ ಕೂತು ಜಡೆ ಹೆಣೆಯತೊಡಗಿದಳು.

"ಅವತ್ತು ನಾ ಹೇಳಾಕಂತ ಎದ್ದಿದ್ದೆ, ನೀಲಕ್ಕಾ. ನೀ ಚಿವುಟಿದಿ," ಎಂದಳು ಮರೆವ್ವ, ಹಿಂದೆ ತಿರುಗದೆ.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ನೀಲಾಂಬಿಕಾಳ ಕೈ ಜಡೆಯಲ್ಲೇ ನಿಂತುಹೋಯಿತು. ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದಳು. ರೇವಣಸಿದ್ದ ತಲೆ ಕೊಡವಿದ.

"ನಮಗ್ಯಾಕ ಬೇಕು ಈ ಉಸಾಬರಿ? ದೊಡ್ಡವರ ಮುಂದ ನಿಂತು ಉಳದವರದಾರೇನು? ನಾನೂ ನಾಕನೇ ಮಹಡಿಮ್ಯಾಲ ಸೇಫ್ಟಿ ಬೆಲ್ಟ್ ಇಲ್ಲದ ನಿಲ್ತೀನಿ. ಕೇಳಿದವರಿಗೆ ಐತ್ರಿ ಅಂತೀನಿ. ಹೊಟ್ಟಿಪಾಡು."

ಅವಳು ಗಂಡನನ್ನು ದಿಟ್ಟಿಸಿ ನೋಡಿದಳು. ನಾಲ್ಕನೆಯ ಮಹಡಿ ಎಂಬುದನ್ನು ಅವನು ಇದುವರೆಗೆ ಅವಳಿಗೆ ಹೇಳಿರಲಿಲ್ಲ.

"ನೀವು ನನ್ನ ಮುಂದನೂ ಮುಚ್ಚಿಟ್ರಿ?" ಎಂದಳು. ಕ್ಯಾಂಟೀನಿನ ಗೋಡೆಯ ಮೇಲಿಂದ ಬರೆದುಕೊಂಡಿದ್ದ ಲಾವಣ್ಯ ಮೇಡಂ ನಂಬರಿಗೆ ಅಲ್ಲೇ ಫೋನ್ ಮಾಡಿದಳು.

ಲಾವಣ್ಯ ಅರ್ಧ ಗಂಟೆಯಲ್ಲಿ ವಠಾರಕ್ಕೇ ಬಂದರು. ಚಾಪೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು. ಆಮೇಲೆ ಅವರ ಕಣ್ಣಲ್ಲೂ ನೀರು ಬಂತು.

"ತಪ್ಪು ನಂದೂ ಇದೆ ನೀಲಾಂಬಿಕಾ. ಮರೆವ್ವ ಏನೋ ಹೇಳೋಕೆ ಹೊರಟಿದ್ಲು ಅಂತ ನಂಗೆ ಗೊತ್ತಾಯ್ತು. ಲಕ್ಷ್ಮಣಪ್ಪನ್ನ ಆಚೆ ಕಳಿಸಿ, ಅವಳನ್ನ ಒಬ್ಬಳನ್ನೇ ಕೂರಿಸ್ಕೊಂಡು ಕೇಳಬೇಕಿತ್ತು. ಇನ್ನೊಂದು ಮೀಟಿಂಗ್ ಇತ್ತು ಅಂತ ಟಿಕ್ ಹಾಕಿ ಹೊರಟುಬಿಟ್ಟೆ."

"ಹೇಳಿದ್ರ ನನ್ನ ಕೆಲಸ ಹೋಗತೈತೇನ್ರಿ?"

"ಸತ್ಯ ಹೇಳಿದ್ದಕ್ಕೆ ಕೆಲ್ಸದಿಂದ ತೆಗಿಯೋಕೆ ನಾನು ಬಿಡಲ್ಲ. ಅದನ್ನ ಬರೆದು ಮಾಲೀಕರ ಸೈನ್ ತಗೊಂಡೇ ವಿಚಾರಣೆ ಶುರು ಮಾಡ್ತೀನಿ. ಆದ್ರೆ ನೀವು ಮುಚ್ಚಿಟ್ಟಿದ್ದನ್ನೂ ನಾನು ಬರೀಲೇಬೇಕು. ಲೀಡರ್ ಕೆಲ್ಸ ಹೋಗಬಹುದು. ಸುಳ್ಳು ಭರವಸೆ ಕೊಡಲ್ಲ."

ರೇವಣಸಿದ್ದ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. "ಅಲ್ರಿ ಮೇಡಂ, ಮನಿ ಮಾತು ಹೊರಗ ಹಾಕಬಾರದಂತ ಹೇಳತಾರಲ್ರಿ. ಸಂಸಾರ ಗುಟ್ಟು ಅಂತ."

"ಆ ಗಾದೆ ಅಲ್ಲಿಗೇ ಮುಗಿಯಲ್ಲ ಅಣ್ಣಾ," ಎಂದರು ಲಾವಣ್ಯ. "ಸಂಸಾರ ಗುಟ್ಟು, ವ್ಯಾಧಿ ರಟ್ಟು. ರೋಗ ಬಂದ್ರೆ ಬಚ್ಚಿಡಬಾರದು, ನಾಲ್ಕು ಜನಕ್ಕೆ ಹೇಳಬೇಕು. ಹೇಳಿದ್ರೆ ತಾನೇ ಔಷಧಿ? ಇದು ಸಂಸಾರ ಅಲ್ಲ, ರೋಗ."

ಅವನು ಹೆಂಡತಿಯ ಮುಖ ನೋಡಿದ. "ಹೇಳು ಹಂಗಾದ್ರ," ಎಂದ.

ವಿಚಾರಣೆಯ ದಿನ ಮಾಲೀಕರು, ಲಾವಣ್ಯ, ಲಕ್ಷ್ಮಣಪ್ಪ, ಲೈನಿನ ಉಳಿದ ಹದಿಮೂರು ಹೆಂಗಸರು ಕ್ಯಾಂಟೀನಿನಲ್ಲಿ ಸೇರಿದ್ದರು. ನೀಲಾಂಬಿಕಾ ಊಟದ ಚೀಲ ಬಿಚ್ಚಿ, ಮಷೀನುಗಳಿಂದ ಕಿತ್ತು ತಂದಿದ್ದ ಬೆಣೆಗಳನ್ನು ಮೇಜಿನ ಮೇಲೆ ಸುರಿದಳು.

"ಇವು ನಮ್ಮ ಮಷೀನಿನವು. ಮರೆವ್ವಗ ಬೆಣಿ ಕೊಟ್ಟಾಕಿ ನಾನು. ತರಬೇತಿ ಇಲ್ಲದ ಸಹಿ ಹಾಕಿಸಿದಾಕಿ ನಾನು. ಆಕಿ ಹೇಳಾಕ ಎದ್ದಾಗ ಬಾಯಿ ಮುಚ್ಚಿಸಿದಾಕಿನೂ ನಾನ. ಬೆಣಿ ಇಲ್ಲದ ಈ ಟಾರ್ಗೆಟ್ ಮುಟ್ಟಾಕ ಆಗಂಗಿಲ್ರಿ. ಬೇಕಾದ್ರ ನೀವ ಕುಂತು ನೋಡ್ರಿ."

ಒಬ್ಬೊಬ್ಬರಾಗಿ ಉಳಿದವರೂ ಎದ್ದು ನಿಂತು ಹೌದು ಎಂದರು. ಕೊನೆಗೆ ಲಕ್ಷ್ಮಣಪ್ಪ ಕೂಡ ತಲೆ ತಗ್ಗಿಸಿ, "ಅವ್ರು ಏಳಿದ್ದು ನಿಜ ಸಾರ್. ಮೇಲ್ನೋರು ನನ್ ಮೇಲೆ ಒತ್ತುದ್ರು, ನಾನು ಇವ್ರ ಮೇಲೆ ಒತ್ದೆ," ಎಂದ.

ಲಾವಣ್ಯ ಬರೆದ ವರದಿಯನ್ನು ಮಾಲೀಕರು ಒಪ್ಪಲೇಬೇಕಾಯಿತು. ಕಾರ್ಖಾನೆಗಳ ಇಲಾಖೆಗೂ ಅದು ಹೋಯಿತು. ಮರೆವ್ವನ ತಪ್ಪಿಲ್ಲ ಎಂದಾಯಿತು. ಅವಳಿಗೆ ಪರಿಹಾರವೂ ಸಿಕ್ಕಿತು, ಸ್ಟೋರಿನಲ್ಲಿ ಕೆಲಸವೂ ಸಿಕ್ಕಿತು. ಕೈ ಒಳಗಿದ್ದರೆ ತಾನೇ ನಿಲ್ಲುವ ಮಷೀನುಗಳು ಬಂದವು. ಟಾರ್ಗೆಟ್ ಇಳಿಯಿತು. ನೀಲಾಂಬಿಕಾಳ ಲೀಡರ್ ಪಟ್ಟ ಹೋಯಿತು. ಅವಳು ಅದಕ್ಕೆ ಚಕಾರ ಎತ್ತಲಿಲ್ಲ. ಎರಡು ತಿಂಗಳ ಮೇಲೆ ಹೆಂಗಸರೇ ಅವಳನ್ನು ಕಂಪನಿಯ ಸುರಕ್ಷಾ ಸಮಿತಿಗೆ ಆರಿಸಿದರು. ಲಾವಣ್ಯ ಹಿಂದೆ ಬಿದ್ದು ಅವಳಿಂದ ಡಿಗ್ರಿಗೆ ಅರ್ಜಿಯನ್ನೂ ಹಾಕಿಸಿದರು. "ನಂಗೊಬ್ಬಳಿಗೇ ಎಲ್ಲಾ ಮಷೀನ್ ಕಣ್ಣಿಗೆ ಬೀಳಲ್ಲ. ನಿಮ್ಮಂಥೋರು ಈ ಕೆಲಸಕ್ಕೆ ಬರಬೇಕು," ಎಂದರು. ರೇವಣಸಿದ್ದ ಕಂಟ್ರಾಕ್ಟರನ ಹತ್ತಿರ ಜಗಳವಾಡಿ ಬೆಲ್ಟ್ ಇಸಿದುಕೊಂಡ.

ಇಷ್ಟೆಲ್ಲ ಆಯಿತು. ಆಗಲೇಬೇಕಾದದ್ದೇ. ಆದರೆ ಮೇಜಿನ ಕೆಳಗೆ ಕೈ ಹಾಕದೆ ಇದ್ದಿದ್ದರೆ ಇಷ್ಟೂ ಒಂದು ಸಂಜೆಯಲ್ಲೇ ಆಗುತ್ತಿತ್ತಲ್ಲ, ಹತ್ತು ಬೆರಳೂ ಉಳಿಯುತ್ತಿದ್ದವಲ್ಲ ಎಂದು ನೀಲಾಂಬಿಕಾ ಇಂದಿಗೂ ಕೊರಗುತ್ತಾಳೆ. ಮರೆವ್ವ ಅವಳನ್ನು ಕ್ಷಮಿಸಿದ್ದಾಳೆ. ನೀಲಾಂಬಿಕಾಳಿಗೆ ಮಾತ್ರ ತನ್ನನ್ನು ತಾನು ಕ್ಷಮಿಸಿಕೊಳ್ಳಲು ಆಗಿಲ್ಲ.

ಅಕ್ಕಂದಿರೇ, ತಂಗಿಯರೇ, ಇದನ್ನು ಓದುತ್ತಿರುವ, ಕೇಳುತ್ತಿರುವ ನಿಮಗೆ ಕೈ ಮುಗಿದು ಕೇಳುವುದಿಷ್ಟೇ. ಕೊಡದ ತರಬೇತಿಗೆ ಸಹಿ ಹಾಕಬೇಡಿ. ಮಷೀನಿನ ರಕ್ಷಣೆ ತೆಗೆದು ಕೆಲಸ ಮಾಡು ಎಂದರೆ ಆಗಲ್ಲ ಎನ್ನಿ. ಕಂಪನಿಯಲ್ಲಿ ದೂರು ಕೇಳುವವರು ಯಾರು, ಸುರಕ್ಷಾ ಸಮಿತಿಯಲ್ಲಿ ಯಾರಿದ್ದಾರೆ ಎಂದು ಇವತ್ತೇ ತಿಳಿದುಕೊಳ್ಳಿ. ಅಲ್ಲಿ ಕೇಳದಿದ್ದರೆ ಕಾರ್ಖಾನೆಗಳ ಇಲಾಖೆಗೆ ಬರೆಯಿರಿ. ಓದಿದ ಹೆಣ್ಣುಮಕ್ಕಳೇ, ಈ ಕೆಲಸಕ್ಕೆ ನೀವೇ ಬನ್ನಿ. ಬಂದಮೇಲೆ, ಎಲ್ಲಾ ಸರಿ ಐತ್ರಿ ಎಂದವರನ್ನು ಇನ್ನೊಂದು ಸಲ ಕೇಳಿ.

ನಿಮಗೆ ಹೇಳಲು ಧೈರ್ಯ ಬರದೇ ಹೋಗಬಹುದು. ಎಲ್ಲರಿಗೂ ಬರುವುದಿಲ್ಲ. ಆದರೆ ಪಕ್ಕದವಳು ಹೇಳಲು ಎದ್ದರೆ, ಅವಳನ್ನು ಮಾತ್ರ ಕೂರಿಸಬೇಡಿ.