ಭಾಷಣ ಮುಗಿದ ಮೇಲೆ ಎದ್ದವಳು

ಫಾಗಾನಿವು ಊರಿನಲ್ಲಿ ಯಾವುದಕ್ಕೆ ಬರ ಬಂದರೂ ಭಾಷಣಕ್ಕೆ ಬರ ಬಂದದ್ದಿಲ್ಲ. ಸಮೋವಾದ ಸವಾಯಿ ದ್ವೀಪದಲ್ಲಿ ಸಮುದ್ರಕ್ಕೆ ಮುಖ ಮಾಡಿ ಕೂತ ಸಣ್ಣ ಊರು ಅದು. ಮದುವೆಗೆ ಭಾಷಣ, ಸಾವಿಗೆ ಭಾಷಣ, ಚರ್ಚಿಗೆ ಹೊಸ ಗಂಟೆ ಬಂದರೂ ಭಾಷಣ. ಊರಿನಲ್ಲಿ ಸಕ್ಕರೆ ಕಾಯಿಲೆಯೂ ಮನೆ ಮನೆಯಲ್ಲಿ ಇತ್ತು. ಅದರ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುತ್ತಿರಲಿಲ್ಲ.

ಊರಿನ ಪರವಾಗಿ ಮಾತಾಡುವ ಹಕ್ಕು ಪೆಸಮಿನೊನದು. ಅವನು ಮಾತಿನ ಮುಖ್ಯಸ್ಥ. ಹೆಗಲ ಮೇಲೆ ತೆಂಗಿನ ನಾರಿನ ಚವರಿ ಇಳಿಬಿಟ್ಟು, ಕೈಯಲ್ಲಿ ಎತ್ತರದ ಕೋಲು ಹಿಡಿದು ನಿಂತನೆಂದರೆ ಪಕ್ಕದೂರಿನವರೂ ಕಿವಿಗೊಟ್ಟು ಕೇಳುತ್ತಿದ್ದರು. ವಯಸ್ಸು ಅರವತ್ತು ದಾಟಿತ್ತು. ಮಾತಿನಲ್ಲಿ ಅವನನ್ನು ಸೋಲಿಸಿದವರು ಇರಲಿಲ್ಲ. ಇದೇ ಅವನ ಹೆಮ್ಮೆ, ಕೊನೆಗೆ ಇದೇ ಮುಳುವಾಯಿತು.

ಆ ವರ್ಷ ಮಹಿಳಾ ಸಮಿತಿಯವರು ಅಪಿಯಾ ಪಟ್ಟಣದಿಂದ ಫಿಲಿಸಿಟಾ ಎಂಬಾಕೆಯನ್ನು ಕರೆಸಿದರು. ಊರೂರು ಸುತ್ತಿ, ಬದುಕಿಗೆ ಒಂದು ಗುರಿ ಬೇಕು, ನಾವು ಬದಲಾದರೆ ಊರು ಬದಲಾಗುತ್ತದೆ ಎಂದು ಜನರಿಗೆ ಹುರುಪು ತುಂಬುವುದು ಆಕೆಯ ಕೆಲಸ. ಚರ್ಚಿನ ಸಭಾಂಗಣ ಕಿಕ್ಕಿರಿದಿತ್ತು. ಆಕೆ ಕೂಗಾಡಲಿಲ್ಲ, ಮನೆಯವರ ಜೊತೆ ಮಾತಾಡಿದ ಹಾಗೆ ಮಾತಾಡಿದಳು.

"ನಾನ್ಯಾತಕ್ಕೆ ಹುಟ್ಟಿದೆ ಅಂತ ತಲೆ ಕೆಡಿಸ್ಕೊಂಡು ಕೂತ್ಕೋಬೇಡಿ. ನಿಮ್ಮ ಕಣ್ಮುಂದೆ ಯಾರಿಗೆ ಏನು ನೋವಿದೆ ಅಂತ ನೋಡಿ. ಅದರಲ್ಲಿ ನಿಮ್ಮ ಕೈಲಾಗೋದು ಒಂದನ್ನ ಹಿಡ್ಕೊಳ್ಳಿ. ನಾಳೆ ಅನ್ನಬೇಡಿ. ಈಗ ಇಲ್ಲಿ ಯಾರಾದ್ರೂ ಒಬ್ಬರು ಎದ್ದು, ನಾನು ಇಂಥದ್ದು ಮಾಡ್ತೀನಿ ಅನ್ನಿ. ಅಷ್ಟು ಸಾಕು ನಂಗೆ."

ಜನ "ಮಾಲೊ, ಮಾಲೊ" ಎಂದು ಮೆಚ್ಚಿ ಕೂಗಿದರು. ಆ ಊರಿನಲ್ಲಿ ಒಳ್ಳೆಯ ಮಾತು ಕೇಳಿದವರ ಕರ್ತವ್ಯ ಅಲ್ಲಿಗೆ ಮುಗಿಯಿತು. ಮಾಲೊ ಎನ್ನಬೇಕು, ಅತಿಥಿಗೆ ಒಳ್ಳೆಯ ಚಾಪೆಯನ್ನೂ ಡಬ್ಬಿ ಮೀನಿನ ಪೆಟ್ಟಿಗೆಯನ್ನೂ ಕೊಡಬೇಕು, ಆಮೇಲೆ ಊರಿನ ಮಾತುಗಾರ ಎದ್ದು ಅತಿಥಿಯ ಮಾತನ್ನೂ ಮೀರಿಸುವ ಉತ್ತರ ಹೇಳಬೇಕು. ಪೆಸಮಿನೊ ಕೋಲು ಊರಿ ಎದ್ದೂ ಆಗಿತ್ತು.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಎಟೆವಿಸೆ ಎದ್ದಳು. ಪೆಸಮಿನೊನ ತೀರಿಕೊಂಡ ಅಕ್ಕನ ಮಗಳು, ಇಪ್ಪತ್ತಾರು ವರ್ಷದವಳು. ಎರಡು ವರ್ಷದಿಂದ ಆರೋಗ್ಯ ಕೇಂದ್ರದಲ್ಲಿ ಕಸ ಗುಡಿಸುತ್ತ, ನರ್ಸಮ್ಮನ ಪಕ್ಕ ನಿಂತು ಒಂದಷ್ಟು ಕಲಿತಿದ್ದಳು.

"ನಾನು ಕಾಲು ನೋಡ್ತೀನಿ," ಎಂದಳು. ಹೆದರಿಕೆಯಿದ್ದರೂ ಕೂರಲಿಲ್ಲ. "ಸಕ್ಕರೆ ಕಾಯಿಲೆ ಇರೋರಿಗೆ ಕಾಲಲ್ಲಿ ಗಾಯ ಆದ್ರೆ ಗೊತ್ತಾಗಲ್ಲ. ನೋವೇ ಬರಲ್ಲ. ಪ್ರತಿ ಶನಿವಾರ ಸಮಿತಿ ಮನೆಗೆ ಬನ್ನಿ. ಅಂಗಾಲು, ಬೆರಳ ಸಂದಿ ನೋಡಿ, ಗಾಯ ಇದ್ರೆ ನರ್ಸಮ್ಮನ ಹತ್ರ ಕರ್ಕೊಂಡು ಹೋಗ್ತೀನಿ. ಇಷ್ಟೇ."

ಸಭೆಯಲ್ಲಿ ಗುಸುಗುಸು ಶುರುವಾಯಿತು. ಅಲ್ಲಿ ನಾಲ್ಕು ಜನರ ಎದುರು ಕಾಲು ಚಾಚುವುದೆಂದರೆ ಮರ್ಯಾದೆಗೆಟ್ಟ ಕೆಲಸ. ಕೂತರೆ ಕಾಲು ಮಡಚಿ ಕೂರಬೇಕು, ನೀಡಲೇಬೇಕಾಗಿ ಬಂದರೆ ಮೇಲೊಂದು ಚಾಪೆ ಎಳೆದುಕೊಳ್ಳಬೇಕು. ಅಂಥ ಊರಿನಲ್ಲಿ ಹಿರಿಯರ ಅಂಗಾಲು ನೋಡುತ್ತೇನೆ ಅಂದರೆ?

ಪೆಸಮಿನೊ ಮುಗುಳ್ನಕ್ಕ. ಅವನ ನಾಲಿಗೆಗೆ ಮಾತು ಬಂದಿತ್ತು. ಬಂದ ಮಾತನ್ನು ನುಂಗಿ ಅವನಿಗೆ ಅಭ್ಯಾಸವಿರಲಿಲ್ಲ.

"ನಮ್ಮ ಅತಿಥಿ ಮನಸ್ಸು ಬಿಚ್ಚಿ ಅಂದ್ರು. ನಮ್ಮ ಹುಡುಗಿ ಕಾಲ್ಬೆರಳು ಬಿಚ್ಚಿ ಅಂತಾಳೆ. ಆಗಲಿ ಕಣಮ್ಮ, ಬರೋ ಶನಿವಾರ ಮೂಗಿಗೆ ಕಟ್ಕೊಳ್ಳೋಕೆ ಒಂದು ಒಳ್ಳೆ ಬಟ್ಟೆ ಹುಡುಕ್ಕೋ. ಮುದುಕರ ಕಾಲು, ಸಂಪಿಗೆ ಹೂವಲ್ಲ."

ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಪಾದ್ರಿಯೂ ನಕ್ಕರು. ಪೆಸಮಿನೊನ ಹೆಂಡತಿ ಮಾಸೆಲಿನಾ ಹೆಂಗಸರ ನಡುವೆ ಕೂತು, ಮಂಡಿಯ ಮೇಲಿನ ಚಾಪೆಯನ್ನು ಇನ್ನಷ್ಟು ಕೆಳಗೆಳೆದುಕೊಂಡಳು. ಅದು ಅವನ ಕಣ್ಣಿಗೆ ಬಿತ್ತು. ಆದರೆ ಅವನು ಅದನ್ನು ಗಮನಕ್ಕೆ ತಂದುಕೊಳ್ಳಲಿಲ್ಲ. ಎಟೆವಿಸೆ ಕೂತಳು. ಅಕ್ಕನ ಮಕ್ಕಳನ್ನು ತಲೆಯ ಮೇಲಿಟ್ಟು ನೋಡಬೇಕು ಎನ್ನುವುದು ಅಲ್ಲಿನ ಹಳೆಯ ಕಟ್ಟಳೆ. ಅದನ್ನು ಎಷ್ಟೋ ಸಭೆಗಳಲ್ಲಿ ಎತ್ತಿ ಹೇಳಿದವನು ಪೆಸಮಿನೊನೇ.

ಹೊರಡುವಾಗ ಫಿಲಿಸಿಟಾ ಅವನನ್ನು ಪಕ್ಕಕ್ಕೆ ಕರೆದಳು.

"ಯಜಮಾನರೇ, ಈ ಕೆಲಸಕ್ಕಿಳಿದು ಒಂಬತ್ತು ವರ್ಷ ಆಯ್ತು. ಮಾತು ಮುಗಿದ ಮೇಲೆ ಹೀಗೆ ನಿಜವಾಗ್ಲೂ ಎದ್ದೋರನ್ನ ಬೆರಳಲ್ಲಿ ಎಣಿಸಬಹುದು. ಶನಿವಾರ ನೀವು ಅವಳ ಹತ್ರ ಹೋಗಿ. ನೀವು ಹೋದ್ರೆ ಊರೆಲ್ಲ ಹೋಗುತ್ತೆ."

"ನಿಮಗೆ ನಮ್ಮೂರಿನ ಅತಿ ಒಳ್ಳೆ ಚಾಪೆ ಕೊಟ್ಟಿದ್ದೀವಮ್ಮ," ಎಂದ ಪೆಸಮಿನೊ.

"ಚಾಪೆ ನೀವೇ ಇಟ್ಕೊಳ್ಳಿ. ಶನಿವಾರ ಹೋಗಿ."

ಅವನು ಹೋಗಲಿಲ್ಲ. ಮೊದಲ ಶನಿವಾರ ಎಟೆವಿಸೆ ಒಂದು ಬೋಗುಣಿ ನೀರು, ಒಂದು ಟವಲು, ಅಂಗೈಯಗಲದ ಕನ್ನಡಿ ಇಟ್ಟುಕೊಂಡು ಸಮಿತಿ ಮನೆಯಲ್ಲಿ ಕೂತಳು. ಕಿವಿ ಕೇಳಿಸದ ಒಬ್ಬ ಅಜ್ಜಿ ಬಂದಳು. ಅವಳಿಗೆ ಊರು ನಕ್ಕಿದ್ದೂ ಕೇಳಿಸಿರಲಿಲ್ಲ. ಎರಡನೆಯ ವಾರ ಅದೇ ಅಜ್ಜಿ. ಮೂರನೆಯ ವಾರ ಮಳೆ, ಅಜ್ಜಿಯೂ ಬರಲಿಲ್ಲ. ದಾರಿಯಲ್ಲಿ ಹೋಗುವ ಹುಡುಗರು ಮೂಗು ಮುಚ್ಚಿಕೊಂಡು ಓಡುತ್ತಿದ್ದರು. ನಾಲ್ಕನೆಯ ವಾರ ಎಟೆವಿಸೆ ಬೋಗುಣಿಯನ್ನು ಮನೆಗೆ ಒಯ್ದಳು, ಮತ್ತೆ ತರಲಿಲ್ಲ.

ಏಳು ತಿಂಗಳು ಕಳೆಯಿತು. ಒಂದು ಭಾನುವಾರ ಕಾದ ಕಲ್ಲಿನ ಒಲೆಯಿಂದ ಟಾರೊ ಎಂಬ ಕೆಸುವಿನ ಗಡ್ಡೆ ತೆಗೆಯುವಾಗ ಮಾಸೆಲಿನಾ ಬಿಸಿ ಕಲ್ಲೊಂದರ ಮೇಲೆ ಕಾಲಿಟ್ಟಳು. ಅವಳಿಗೆ ಏನೂ ಅನ್ನಿಸಲಿಲ್ಲ. ಸಂಜೆ ಬೊಬ್ಬೆ ಕಂಡಾಗ ಬಟ್ಟೆ ಸುತ್ತಿದಳು, ಮೇಲೆ ಉದ್ದ ಲಂಗ ಇಳಿಬಿಟ್ಟಳು. ಆಮೇಲಿನ ವಾರಗಳಲ್ಲಿ ಹೂ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯನ್ನು ಮೈಗೆ ಧಾರಾಳವಾಗಿ ಹಚ್ಚತೊಡಗಿದಳು.

"ಏನಿದು, ಮದುಮಗಳ ಹಾಗೆ ಘಮಘಮ ಅಂತಿದ್ದೀಯಲ್ಲ," ಎಂದು ಪೆಸಮಿನೊ ಕೀಟಲೆ ಮಾಡಿದ. ಅವಳು ನಕ್ಕಳು. ಆ ಘಮದ ಅಡಿಯಲ್ಲಿ ಏನಿದೆ ಎಂದು ಅವನಿಗೆ ಗೊತ್ತಾದದ್ದು ಚಳಿಜ್ವರ ಬಂದು ಅವಳು ಮಾತು ತೊದಲಿದ ದಿನ. ಚಾಪೆ ಸರಿಸಿ ನೋಡಿದ. ಅಂಗಾಲು ಕೊಳೆತಿತ್ತು, ನೋಡಲಾಗಲಿಲ್ಲ.

ದೋಣಿ ಹತ್ತಿಸಿ ಅಪಿಯಾದ ದೊಡ್ಡಾಸ್ಪತ್ರೆಗೆ ಒಯ್ದರು. ಡಾಕ್ಟರರು ತಮ್ಮ ಕೈಲಾದದ್ದೆಲ್ಲ ಮಾಡಿದರು. ಎಡಗಾಲನ್ನು ಮಂಡಿಯ ಕೆಳಗೆ ಕತ್ತರಿಸಬೇಕಾಯಿತು. ಜೀವ ಉಳಿಯಿತು.

ಹಾಸಿಗೆಯ ಪಕ್ಕ ಕೂತು ಅವನು ಕೇಳಿದ, "ನಂಗೊಂದು ಮಾತು ಹೇಳ್ಬಾರ್ದಿತ್ತಾ, ಮಾಸೆಲಿನಾ?"

"ಮೂರನೇ ಶನಿವಾರ ಹೋಗಿದ್ದೆ," ಎಂದಳು ಅವಳು. "ಆಗ ಬರೀ ಕಾಲು ಮರಗಟ್ಟಿದ ಹಾಗೆ ಇತ್ತು. ಮಳೇಲಿ ಸಮಿತಿ ಮನೆ ಮೆಟ್ಟಿಲವರೆಗೂ ಹೋದೆ. ಆ ಮಗು ಒಬ್ಬಳೇ ಕೂತಿದ್ಲು."

"ಮತ್ತೆ?"

"ಹುಡುಗರು ನಗ್ತಿದ್ರು. ನಿಮ್ಮ ಮಾತನ್ನೇ ಆಡ್ಕೊಂಡು ನಗ್ತಿದ್ರು. ಆಡಿದೋರ ಹೆಂಡ್ತಿನೇ ಬಂದ್ಲು ಅಂದ್ರೆ ನಿಮ್ಮ ಮರ್ಯಾದೆ ಏನಾಗ್ಬೇಕು? ವಾಪಸ್ ಬಂದೆ."

ಪೆಸಮಿನೊ ಹೆಂಡತಿಯ ಕೈ ಹಿಡಿದು, ಜೊತೆಗೆ ಬಂದಿದ್ದ ಮಕ್ಕಳೆದುರೇ ಅತ್ತ.

ಊರಿಗೆ ಬಂದವನೇ ಎಟೆವಿಸೆಯ ಮನೆಗೆ ಹೋದ. ಅವಳು ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಿದ್ದಳು.

"ಎಲ್ಲಿಗಮ್ಮ?"

"ನ್ಯೂಜಿಲೆಂಡಿಗೆ ಮಾವ. ಸೇಬಿನ ತೋಟದಲ್ಲಿ ಕೆಲಸ, ಏಳು ತಿಂಗಳು. ಹತ್ತು ದಿನ ಇದೆ ಹೊರಡೋಕೆ."

"ನಾನು ತಪ್ಪು ಮಾಡಿದೆ."

ಎಟೆವಿಸೆ ಮಡಚುತ್ತಿದ್ದ ಬಟ್ಟೆ ಕೆಳಗಿಟ್ಟಳು. "ಹೌದು ಮಾವ. ಆ ದಿನ ನೀವು ಬೇಡ ಅಂದಿದ್ರೆ ನಾನು ವಾದ ಮಾಡ್ತಿದ್ದೆ. ನಗಿಸಿಬಿಟ್ರಿ. ನಗುವಿಗೆ ಏನಂತ ಉತ್ತರ ಕೊಡ್ಲಿ? ಅತ್ತೆ ಮೆಟ್ಟಿಲ ಹತ್ರ ಬಂದಿದ್ದನ್ನ ನಾನೂ ನೋಡ್ದೆ. ಎದ್ದು ಹೋಗಿ ಕರೀಬೇಕಿತ್ತು. ನಂಗೂ ನಾಚಿಕೆಯಾಗಿತ್ತು, ಕರೀಲಿಲ್ಲ. ಅದು ನನ್ನನ್ನ ಕೊರೀತಾನೇ ಇದೆ."

ಪೆಸಮಿನೊ ಅವಳೆದುರು ನೆಲದ ಮೇಲೆ ಕೂತ.

"ಹತ್ತು ದಿನ ಇದೆಯಲ್ಲ," ಎಂದ ಪೆಸಮಿನೊ. "ನಂಗೆ ಕಲಿಸು."

"ನಿಮಗಾ? ಬೇರೆಯವರ ಕಾಲು ಮುಟ್ತೀರಾ ನೀವು?"

"ಮುಟ್ತೀನಿ. ಬೆರಳ ಸಂದೀಲಿ ಏನು ನೋಡ್ಬೇಕು, ಅದನ್ನ ಹೇಳು."

ಅವಳು ಕಲಿಸಿದಳು. ದಿನಾ ತೊಳೆದು ಒರೆಸಬೇಕು, ಬೆರಳ ಸಂದಿ ಒದ್ದೆ ಬಿಡಬಾರದು. ಅಂಗಾಲು ಕಾಣದವರಿಗೆ ಕನ್ನಡಿ ಹಿಡಿಯಬೇಕು. ಬರಿಗಾಲಲ್ಲಿ ಓಡಾಡಬಾರದು. ಬೊಬ್ಬೆ, ಬಿರುಕು, ಬಣ್ಣ ಬದಲಾದ ಚರ್ಮ ಏನು ಕಂಡರೂ, ನೋವಿಲ್ಲದಿದ್ದರೂ, ಅವತ್ತೇ ಆರೋಗ್ಯ ಕೇಂದ್ರಕ್ಕೆ ಕಳಿಸಬೇಕು. ಆಮೇಲೆ ಅವಳು ಹೊರಟುಹೋದಳು. ಇರು ಎಂದು ಹೇಳುವ ಬಾಯಿ ಅವನಿಗೆ ಇರಲಿಲ್ಲ.

ಮುಂದಿನ ಶನಿವಾರ ಪೆಸಮಿನೊ ಕೋಲು, ಚವರಿ ಎರಡನ್ನೂ ಮನೆಯಲ್ಲಿಟ್ಟು ಸಮಿತಿ ಮನೆಯ ನೆಲದ ಮೇಲೆ ಬೋಗುಣಿ ಇಟ್ಟುಕೊಂಡು ಕೂತ. ದಾರಿಹೋಕರು ನಿಂತು ನೋಡಿದರು. ಯಾರೂ ಒಳಗೆ ಬರಲಿಲ್ಲ. ಅರ್ಧ ಗಂಟೆಯ ಮೇಲೆ, ಎರಡೂ ಕಂಕುಳಿಗೆ ಊರುಗೋಲು ಕೊಟ್ಟುಕೊಂಡು ಮಾಸೆಲಿನಾ ಬಂದಳು. ಎಲ್ಲರೂ ನೋಡುತ್ತಿದ್ದಂತೆ ಕೂತು, ಉಳಿದ ಒಂದು ಕಾಲನ್ನು ಅವನ ಮುಂದೆ ಚಾಚಿದಳು.

"ಕನ್ನಡಕ ಹಾಕ್ಕೊಳ್ಳಿ," ಎಂದಳು. "ಸರಿಯಾಗಿ ನೋಡಿ."

ಅವನು ಕನ್ನಡಕ ಹಾಕಿಕೊಂಡು ನೋಡಿದ. ಅವಳ ಹಿಂದೆ ಒಬ್ಬ ಮುದುಕ ಬಂದು ಕೂತ. ಆಮೇಲೆ ಇಬ್ಬರು ಹೆಂಗಸರು ಬಂದರು. ಈಗ ಪ್ರತಿ ಶನಿವಾರ ಹತ್ತು ಹನ್ನೆರಡು ಜನ ಬರುತ್ತಾರೆ. ಗಾಯ ಬೇಗ ಕಂಡು ಮೂವರ ಕಾಲು ಉಳಿದಿದೆ. ಮಾಸೆಲಿನಾಳ ಕಾಲು ಮಾತ್ರ ಮತ್ತೆ ಬರುವುದಿಲ್ಲ, ಅದು ಪೆಸಮಿನೊನಿಗೆ ಗೊತ್ತು.

ಓದುತ್ತಿರುವವರೇ, ನಿಮ್ಮೂರಿಗೂ ಚೆನ್ನಾಗಿ ಮಾತಾಡುವವರು ಬರುತ್ತಾರೆ. ಕೇಳಿ, ಚಪ್ಪಾಳೆ ತಟ್ಟಿ. ಆದರೆ ಮಾತು ಮುಗಿದ ಮೇಲೆ ಒಬ್ಬರು ಹೆದರುತ್ತ ಎದ್ದು "ನಾನು ಇದನ್ನು ಮಾಡುತ್ತೇನೆ" ಅಂದರೆ ದಯವಿಟ್ಟು ನಗಬೇಡಿ. ಅವರ ಮೊದಲ ಶನಿವಾರಕ್ಕೆ ನೀವೇ ಮೊದಲು ಹೋಗಿ. ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಇದ್ದರೆ ಇವತ್ತೇ ಅವರ ಅಂಗಾಲು ನೋಡಿ. ಗಾಯ ಇದ್ದರೆ ನಾಳೆಗೆ ಮುಂದೂಡಬೇಡಿ. ಅವರಾಗಿ ಹೇಳಲಿ ಎಂದು ಕಾಯಲೂ ಬೇಡಿ. ನಿಮ್ಮದೇ ಮಾತಿಗೆ ಹೆದರಿ ಅವರು ಮುಚ್ಚಿಟ್ಟಿರಬಹುದು.